ಕೆಟ್ಟದಾಗಿ ಓಡುವ ಕಾರು ಬೇಕಾಗಿತ್ತು

ಚನ್ನಗಿರಿಯ ನಮ್ಮ ಗ್ಯಾರೇಜಿಗೆ ಬೀಗ ಹಾಕಿ, ಕೀಲಿಯನ್ನು ಜಾಗದ ಮಾಲೀಕರ ಕೈಗೆ ಕೊಟ್ಟು ಬಂದ ಮೇಲೂ ನನ್ನ ಬಲಗೈ ಮಾತ್ರ ನಿವೃತ್ತವಾಗಿಲ್ಲ. ಬೀದಿಯಲ್ಲಿ ಯಾವುದಾದರೂ ಹಳೆಯ ಗಾಡಿ ನಿಂತಲ್ಲೇ ಡುಗುಡುಗು ಎನ್ನುತ್ತಿದ್ದರೆ ಹೆಬ್ಬೆರಳೂ ತೋರುಬೆರಳೂ ತಾವಾಗಿಯೇ ಜೊತೆಗೂಡಿ ಗಾಳಿಯಲ್ಲಿ ಒಂದು ಸ್ಕ್ರೂ ತಿರುಗಿಸತೊಡಗುತ್ತವೆ. ಸ್ವಲ್ಪ ಬಲಕ್ಕೆ, ಚೂರು ಎಡಕ್ಕೆ. "ಊಟದ ತಟ್ಟೆ ಮುಂದೆ ಇಟ್ಕೊಂಡು ಯಾರ ಗಾಡಿ ರಿಪೇರಿ ಮಾಡ್ತಿದೀರಿ?" ಎಂದು ಹೆಂಡತಿ ಕೇಳುತ್ತಾಳೆ.

ಈಗ ಈ ಕೆಲಸಕ್ಕೆ ಬರುತ್ತಿರುವವರು ಕಾರಿನ ಬಾನೆಟ್ ಎತ್ತುವ ಮೊದಲು ಲ್ಯಾಪ್‌ಟಾಪ್ ತೆರೆಯುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ನಾವು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು, ಡಾಕ್ಟರರಂತೆ ಮುಖ ಮಾಡಿ, ಅರ್ಧಕ್ಕರ್ಧ ಊಹೆಯನ್ನೇ ಹೇಳುತ್ತಿದ್ದೆವು. ಆದರೂ ಆ ಕಾಲದ ಒಂದು ಕೆಲಸವನ್ನು ಬರೆದಿಡಬೇಕು ಅನ್ನಿಸಿದೆ. ಏಕೆಂದರೆ ಚೆನ್ನಾಗಿ ಓಡುತ್ತಿದ್ದ ಕಾರನ್ನು ಕೆಡಿಸಿಕೊಡಿ ಎಂದು ಗಿರಾಕಿಯೊಬ್ಬರು ಕೇಳಿದ್ದು ನನ್ನ ಇಡೀ ವೃತ್ತಿಯಲ್ಲಿ ಅದೊಂದೇ ಸಲ. ನಾವು ಅತ್ಯಂತ ಹೀನಾಯವಾಗಿ ಸೋತ ಕೆಲಸವೂ ಅದೇ.

ಮೊದಲೇ ಒಂದು ಎಚ್ಚರಿಕೆ. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು. ಅಳೆಯದೆ ಯಾವುದನ್ನೂ ನಂಬಬೇಡ ಎನ್ನುವ ಚಾಳಿ ಒಂದು ಬಿಟ್ಟು ಬೇರೇನೂ ಆ ಓದಿನಿಂದ ನನ್ನಲ್ಲಿ ಉಳಿದಿಲ್ಲ. ನೆನಪನ್ನು ಅಳೆಯುವ ಗೇಜು ಎಲ್ಲೂ ಸಿಗುವುದಿಲ್ಲವಾದ್ದರಿಂದ, ಬರೆಯುವ ಮೊದಲು ಆ ಘಟನೆಯಲ್ಲಿದ್ದವರಿಗೆಲ್ಲ ಫೋನು ಮಾಡಿ ಕೇಳಿದ್ದೇನೆ. ನ್ಯಾಮತಿಯಿಂದ ಸವಳಂಗಕ್ಕೆ ಹೋಗುವ ರಸ್ತೆಯಲ್ಲಿ ಒಂದು ಭಯಂಕರ ಏರು ಇತ್ತೆಂದು ನನಗೆ ಸ್ಪಷ್ಟ ನೆನಪು. ಮೊನ್ನೆ ಬಸ್ಸಿನಲ್ಲಿ ಹೋಗಿ ನೋಡಿದೆ. ಗೋಲಿ ಇಟ್ಟರೆ ಉರುಳುತ್ತದೋ ಇಲ್ಲವೋ ಅನ್ನುವಷ್ಟು ಸಮತಟ್ಟು. ಆದ್ದರಿಂದ ಇಲ್ಲಿ ಬರುವ ಏರುಗಳನ್ನೆಲ್ಲ ಸ್ವಲ್ಪ ತಗ್ಗಿಸಿ ಓದಿಕೊಳ್ಳಿ.

ನನ್ನ ಪಾಲುದಾರ ಖಲೀಲ್. ಇಬ್ಬರದೂ ಹೆಚ್ಚುಕಡಿಮೆ ಒಂದೇ ವಯಸ್ಸು, ಒಂದೇ ಹಟ. ಅವನು ನನ್ನನ್ನು "ಎಂಜಿನಿಯರ್ರೇ" ಎಂದು ಕರೆಯುತ್ತಿದ್ದದ್ದು ಗೌರವಕ್ಕಲ್ಲ. ಪೆಟ್ರೋಲನ್ನು ಕಂಪ್ಯೂಟರೇ ಅಳೆದು ಚಿಮ್ಮಿಸುವ ಮೊಟ್ಟಮೊದಲ ಇಂಜೆಕ್ಷನ್ ಕಾರು ನಮ್ಮ ಗ್ಯಾರೇಜಿಗೆ ಬಂದಾಗ ಇಬ್ಬರೂ ಅದರ ಬಾನೆಟ್ ಎತ್ತಿ, ಗಾಳಿಗೆ ಪೆಟ್ರೋಲು ಬೆರೆಸುವ ಹಳೆಯ ಕಾಲದ ಕಾರ್ಬೊರೇಟರ್ ಎಲ್ಲಿದೆ ಎಂದು ಹುಡುಕಿ, ಕೊನೆಗೆ ಬಣ್ಣ ಬಳಿದು ಮುಚ್ಚಿದ್ದ ಒಂದು ಪುಟ್ಟ ಸ್ಕ್ರೂ ಕಂಡು ಕುಣಿದಾಡಿದೆವು. ತಿರುಗಿಸಿದೆವು. ಮುಟ್ಟಬೇಡಿ ಎಂದೇ ಕಂಪನಿಯವರು ಅದಕ್ಕೆ ಬಣ್ಣ ಬಳಿದಿದ್ದರು ಎನ್ನುವುದು ಕಾರು ನಿಂತಲ್ಲೇ ಕಿರುಚತೊಡಗಿದ ಮೇಲೆ ತಿಳಿಯಿತು. ಸ್ಕ್ರೂ ಕಂಡರೆ ತಿರುಗಿಸುವ ಈ ರೋಗವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೊನ್ನಾಳಿಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ ನಾಗರತ್ನ ಮೇಡಂ ಒಂದು ಬೆಳಿಗ್ಗೆ ತಮ್ಮ ಬಿಳಿಯ ಪುಟ್ಟ ಕಾರನ್ನು ನಮ್ಮ ಗ್ಯಾರೇಜಿನ ಮುಂದೆ ನಿಲ್ಲಿಸಿದರು. ಕಲಿಯುವವರಿಗೊಂದು, ಕಲಿಸುವವರಿಗೊಂದು ಕ್ಲಚ್ಚು, ಬ್ರೇಕು ಇದ್ದ ಕಾರು. ಅಚ್ಚುಕಟ್ಟಾಗಿ ಓಡುತ್ತಿತ್ತು.

"ಇದರ ಇಂಜೆಕ್ಷನ್ ತೆಗೆದು ಕಾರ್ಬೊರೇಟರ್ ಹಾಕಿಕೊಡ್ರಿ" ಎಂದರು.

ಖಲೀಲ್ ಕೈಯೊರೆಸುವ ಬಟ್ಟೆಯನ್ನು ಕೆಳಗಿಟ್ಟ. "ಮೇಡಂ, ಜನ ಹಲ್ಲು ಕಟ್ಟಿಸ್ಕೊಳ್ಳಾಕೆ ಬರ್ತಾರೆ. ನೀವು ಇರೋ ಹಲ್ಲು ಕೀಳಿಸ್ಕೊಳ್ಳಾಕೆ ಬಂದೀರಲ್ಲ! ಏನಾಗೈತೆ ಕಾರಿಗೆ?"

"ಏನೂ ಆಗಿಲ್ಲ. ಭಾಳ ಒಳ್ಳೇದೈತೆ. ಅದೇ ತೊಂದ್ರೆ."

ತೊಂದರೆಯ ಹೆಸರು ಹಾಲಮ್ಮ. ನ್ಯಾಮತಿಯಲ್ಲಿ ಆಕೆಗೆ ಒಂದು ಸಣ್ಣ ಮಂಡಕ್ಕಿ ಭಟ್ಟಿ ಇತ್ತು. ಜಗಳೂರಿನ ಸಂತೆಯಲ್ಲಿ ಅವರವ್ವ ಕೂತು ಮಾರುತ್ತಿದ್ದ ಜಾಗ ಈಗ ಆಕೆಯದು. ಅಷ್ಟು ದೂರ ಯಾಕೆ ಹೋಗಬೇಕು, ಹತ್ತಿರದಲ್ಲೇ ಸಂತೆಗಳಿಲ್ಲವೇ ಎಂದು ಕೇಳಿದವರಿಗೆಲ್ಲ "ಅದು ನಮ್ಮವ್ವನ ಜಾಗ" ಎನ್ನುವುದು ಆಕೆಯ ಪೂರ್ತಿ ಉತ್ತರ. ಆದರೆ ಸಂತೆಯ ಜಾಗಕ್ಕೆ ಪತ್ರವಿಲ್ಲ. ಸತತವಾಗಿ ಕೆಲವು ಸಂತೆ ತಪ್ಪಿಸಿದರೆ ಪಕ್ಕದವರ ಚೀಲ ಮೆಲ್ಲಗೆ ಸರಿದು ಬಂದು ಕೂರುತ್ತದೆ. ಬಾಡಿಗೆ ಡ್ರೈವರುಗಳು ಕೈಕೊಡುತ್ತಿದ್ದರೆಂದು ಹಾಲಮ್ಮ ಒಂದು ಹಳೆಯ ಕಾರ್ಬೊರೇಟರ್ ವ್ಯಾನು ಕೊಂಡು, ನಾಗರತ್ನ ಮೇಡಂ ಹತ್ತಿರ ಡ್ರೈವಿಂಗ್ ಕಲಿತು, ಮೊದಲ ಸಲಕ್ಕೇ ಪರೀಕ್ಷೆ ಪಾಸಾಗಿ ಲೈಸೆನ್ಸ್ ತಗೊಂಡಿದ್ದರು.

ನಂತರ ಸ್ವಂತ ವ್ಯಾನಿನಲ್ಲಿ ಜಗಳೂರಿಗೆ ಹೋದರು. ಸಂತೆಯ ತಿರುವಿನಲ್ಲಿ, ಹಿಂದೆ ಬಸ್ಸು, ಮುಂದೆ ಕುರಿ, ಕ್ಲಚ್ ಬಿಟ್ಟರು, ವ್ಯಾನು ಆಫ್ ಆಯಿತು. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಬಸ್ಸಿನ ಹಾರನ್ನು, ಜನರ ನಗು. ಹಾಲಮ್ಮ ಕೀಲಿಯನ್ನು ಅಲ್ಲೇ ಬಿಟ್ಟು ಇಳಿದು ನಡೆದುಬಿಟ್ಟರು. ವ್ಯಾನನ್ನು ಯಾರೋ ಓಡಿಸಿಕೊಂಡು ಬಂದು ನ್ಯಾಮತಿಗೆ ಮುಟ್ಟಿಸಿದರು. ಅದಕ್ಕೆ ದೆವ್ವ ಹೊಕ್ಕಿದೆ, ಇನ್ನು ಅದರಲ್ಲಿ ಕೂರುವುದಿಲ್ಲ ಎಂದು ಆಕೆ ಹಟ ಹಿಡಿದರು. ಈಗಾಗಲೇ ಸಂತೆ ತಪ್ಪತೊಡಗಿತ್ತು.

"ದೆವ್ವ ಅಲ್ಲ ರೀ" ಎಂದರು ಮೇಡಂ. "ನನ್ನ ಕಾರೇ ಅವರನ್ನ ಕೆಡಿಸಿದ್ದು."

ಅವರು ಹೇಳಿದ್ದು ನಿಜವಾಗಿತ್ತು. ಇಂಜೆಕ್ಷನ್ ಕಾರಿನಲ್ಲಿ ಕ್ಲಚ್ ಬಿಡುವಾಗ ಎಂಜಿನ್ ಮೇಲೆ ಭಾರ ಬಿದ್ದರೆ ಅದರ ಕಂಪ್ಯೂಟರ್ ಡಬ್ಬಿ ತಾನೇ ಗಾಳಿ, ಪೆಟ್ರೋಲು ಹೆಚ್ಚಿಸಿ ಸಂಭಾಳಿಸುತ್ತದೆ. ಆಕ್ಸಿಲರೇಟರ್ ಮುಟ್ಟದೆಯೇ ಕಾರು ಮೆಲ್ಲಗೆ ಹೊರಡುತ್ತದೆ. ಹಾಲಮ್ಮ ಕಲಿತದ್ದು ಆ ಡಬ್ಬಿಯ ದಯೆಯಿಂದ. ಕಾರ್ಬೊರೇಟರಿಗೆ ಅಂಥ ದಯೆ ಇಲ್ಲ. ಕ್ಲಚ್ ಬಿಡುವ ಕಾಲೂ ಆಕ್ಸಿಲರೇಟರ್ ಒತ್ತುವ ಕಾಲೂ ಮಾತಾಡಿಕೊಂಡಂತೆ ಕೆಲಸ ಮಾಡಬೇಕು.

"ಹಂಗಾದ್ರೆ ಆ ವ್ಯಾನನ್ನೇ ಟ್ಯೂನ್ ಮಾಡಿದ್ರಾಯ್ತಲ್ಲ?" ಎಂದೆ.

"ಭಟ್ಟಿ ಪಕ್ಕ ನಿಲ್ಲೋ ಗಾಡಿ. ಹೊಟ್ಟಿನ ಧೂಳು ಕುಡಿದು ಮತ್ತೆ ಅದೇ ಹಾಡು. ಎಂಜಿನ್ ಸರಿ ಮಾಡಿದ್ರೆ ಒಂದು ವಾರ ಬರುತ್ತೆ. ಕಾಲು ಸರಿ ಮಾಡಿದ್ರೆ ಕೊನೇವರೆಗೂ ಬರುತ್ತೆ. ಆಕೆ ನಂಬೋದು ನನ್ನ ಈ ಕಾರೊಂದನ್ನೇ. ಅದಕ್ಕೇ ಇದಕ್ಕೆ ಆ ವ್ಯಾನಿನ ಬುದ್ಧಿ ಬರಿಸಿಕೊಡ್ರಿ."

ಇಂಥ ಕೆಲಸವನ್ನು ಯಾರಾದರೂ ಬಿಡುತ್ತಾರೆಯೇ? ಅಂದು ನಾವು ಟೀ ಕುಡಿಯಲು ಹೋದದ್ದು ನಡೆದುಕೊಂಡಲ್ಲ, ಹಾರಿಕೊಂಡು. ಕಾರು ಇನ್ನು ಮುಂದೆ ಮೇಡಂ ಅವರ ಬೇಲಿ ಹಾಕಿದ ಸ್ವಂತ ಮೈದಾನ ಬಿಟ್ಟು ರಸ್ತೆಗೆ ಬರುವಂತಿಲ್ಲ ಎಂದು ಮೊದಲೇ ಮಾತಾಯಿತು. ರಸ್ತೆಯ ಕಾರಿಗೆ ಇದನ್ನು ಮಾಡಬೇಡಿ, ಹೊಗೆಯೂ ಹೆಚ್ಚು, ಕಾನೂನೂ ಒಪ್ಪುವುದಿಲ್ಲ.

ಬೇಕಾದ ಸಾಮಾನು ಕೆರೆಬಿಳಚಿಯಲ್ಲಿ ಸಿಕ್ಕಿತು. ಅದೇ ಜಾತಿಯ, ಕಾರ್ಬೊರೇಟರ್ ಕಾಲದ ಕಾರೊಂದು ಯಾರದೋ ಹಿತ್ತಲಲ್ಲಿ ಕೋಳಿಗೂಡಾಗಿ ನಿಂತಿತ್ತು. ಬಾನೆಟ್ ಎತ್ತಿದರೆ ನಮಗೆ ಬೇಕಾಗಿದ್ದ, ಕಾರ್ಬೊರೇಟರನ್ನು ಎಂಜಿನ್ನಿಗೆ ಜೋಡಿಸುವ ಕೊಳವೆಗಳ ಮ್ಯಾನಿಫೋಲ್ಡಿನ ಮೇಲೆ ಹೇಂಟೆಯೊಂದು ಕಾವಿಗೆ ಕೂತಿತ್ತು. ಮನೆಯ ಯಜಮಾನರು, "ಕಾರ್ಬೊರೇಟರ್ ಒಯ್ರಿ, ಬ್ಯಾಡ ಅನ್ನಲ್ಲ. ಮರಿ ಆಗೋ ತನಕ ಕಾಯಬೇಕಾಗುತ್ತೆ" ಎಂದರು. ಖಲೀಲ್ ಕಾಯುವ ಆಸಾಮಿಯಲ್ಲ. ಒಂದು ಬುಟ್ಟಿಗೆ ಹುಲ್ಲು ಹಾಸಿ, ಕೋಳಿಯನ್ನೂ ಮೊಟ್ಟೆಗಳನ್ನೂ ಅದೇ ಕಾರಿನ ಹಿಂದಿನ ಸೀಟಿಗೆ ವರ್ಗಾಯಿಸಿದ. ಕೋಳಿ ಅವನ ಕೈಗೆ ಕುಕ್ಕಿದ ಗುರುತು ಈಗಲೂ ಇದೆ ಎನ್ನುತ್ತಾನೆ. ನನಗೆ ಸಂಶಯವಿದೆ.

ಕಾರಿನಿಂದ ಇಂಜೆಕ್ಟರುಗಳನ್ನೂ ಕಂಪ್ಯೂಟರ್ ಡಬ್ಬಿಯನ್ನೂ ತೆಗೆದೆವು. ಹಳೆಯ ಮ್ಯಾನಿಫೋಲ್ಡು, ಕಾರ್ಬೊರೇಟರು, ಕಿಡಿ ಹಂಚಲು ಡಿಸ್ಟ್ರಿಬ್ಯೂಟರು ಕೂರಿಸಿದೆವು. ಕೀಲಿ ತಿರುಗಿಸಿದ ಕೂಡಲೇ ಕಾರ್ಬೊರೇಟರಿನಿಂದ ಪೆಟ್ರೋಲು ನಲ್ಲಿ ಬಿಟ್ಟ ಹಾಗೆ ಉಕ್ಕಿತು. ಇಬ್ಬರೂ ಒಟ್ಟಿಗೆ ಓಡಿ ಬ್ಯಾಟರಿ ವೈರು ಕಿತ್ತೆವು. ಟ್ಯಾಂಕಿನೊಳಗಿನ ಇಂಜೆಕ್ಷನ್ ಪಂಪನ್ನು ಹಾಗೇ ಬಿಟ್ಟಿದ್ದೆವು! ಅದರ ಒತ್ತಡ ಕಾರ್ಬೊರೇಟರು ತಡೆಯುವ ಒತ್ತಡಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಇಂಥ ಕೆಲಸ ಮಾಡುವವರು ಮೊದಲು ಆ ಪಂಪು ತೆಗೆಯಿರಿ, ಆಮೇಲೆ ಉಳಿದದ್ದು. ಹಳೆಯ ಕಾಲದ, ಎಂಜಿನ್ನೇ ಕುಟ್ಟಿ ನಡೆಸುವ ಸಣ್ಣ ಪಂಪು ಹಾಕಿದ ಮೇಲೆ ಕಾರು ಸ್ಟಾರ್ಟ್ ಆಯಿತು. ಖಲೀಲ್ ನನ್ನನ್ನು ತಬ್ಬಿಕೊಂಡ. ನಾನೇ ಅವನನ್ನು ತಬ್ಬಿಕೊಂಡೆ ಎಂದು ಅವನ ವಾದ.

ಹೊನ್ನಾಳಿಗೆ ಅದನ್ನು ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿ ಎಳೆಸಿಕೊಂಡು ಹೋದೆವು. ಸ್ಟೇರಿಂಗ್ ಹಿಡಿದ ಖಲೀಲ್ ದಾರಿಯುದ್ದಕ್ಕೂ ಮಂತ್ರಿಯಂತೆ ಕೈಬೀಸಿದ. ಜನರೂ ಕೈಬೀಸಿದರು.

ಮೈದಾನದಲ್ಲಿ ಹಾಲಮ್ಮ ಕಾದು ನಿಂತಿದ್ದರು. ಗಟ್ಟಿಮುಟ್ಟಾದ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. ಕೂತರು, ಗೇರ್ ಹಾಕಿದರು, ಕ್ಲಚ್ ಬಿಟ್ಟರು. ಕಾರು ಬೆಣ್ಣೆಯ ಹಾಗೆ ಹೊರಟಿತು. ನಾವಿಬ್ಬರೂ ಹೆಮ್ಮೆಯಿಂದ ಉಬ್ಬಿದೆವು. ಮೇಡಂ ಕೆಂಪಗಾದರು.

"ಏನ್ರೀ ಇದು? ಹಟಮಾರಿ ಕಾರು ಮಾಡಿಕೊಡ್ರಿ ಅಂದ್ರೆ ಮೊದಲಿಗಿಂತ ಸಾಧು ಮಾಡಿ ತಂದೀರಲ್ಲ!"

ಸತ್ಯ. ಕಾರ್ಬೊರೇಟರನ್ನು ಬಿಚ್ಚಿ, ತೊಳೆದು, ಊದಿ, ಕಿವಿಗೊಟ್ಟು ಕೇಳಿ, ನಮ್ಮ ಜೀವಮಾನದ ಅತ್ಯುತ್ತಮ ಟ್ಯೂನಿಂಗ್ ಮಾಡಿಬಿಟ್ಟಿದ್ದೆವು. ಕೆಟ್ಟದಾಗಿ ಓಡಬೇಕು ಎನ್ನುವುದು ತಲೆಯಲ್ಲಿತ್ತು, ಕೈಗೆ ಗೊತ್ತಿರಲಿಲ್ಲ.

ಕೆಡಿಸಿದೆವು. ಗಾಡಿ ನಿಂತಾಗ ಎಂಜಿನ್ ತಿರುಗುವ ವೇಗವನ್ನು ಹಿಡಿದಿಡುವ ಸ್ಲೋ ಸ್ಕ್ರೂವನ್ನು ಇಳಿಸಿ, ಮಿಶ್ರಣದಲ್ಲಿ ಪೆಟ್ರೋಲು ಕಡಿಮೆ ಮಾಡಿದೆವು. ಕಾರು ಕೆಮ್ಮತೊಡಗಿತು. ಮೇಡಂ ಚಪ್ಪಾಳೆ ತಟ್ಟಿದರು. ಮಾರನೆಯ ದಿನ ಅವರ ಫೋನು: "ನಿನ್ನೆ ಸರಿಯಾಗಿ ಕೆಟ್ಟಿತ್ತು. ಇವತ್ತು ಮತ್ತೆ ಚೆನ್ನಾಗಾಗೈತಲ್ರೀ!" ಹೊರಡುವ ಮುಂಚೆ ಖಲೀಲ್ ತಡೆಯಲಾಗದೆ ಸ್ವಲ್ಪ ತಿರುಗಿಸಿದ್ದ. ಮತ್ತೊಮ್ಮೆ ಹೋಗಿ ಕೆಡಿಸಿ ಬಂದೆವು. ಮತ್ತೆ ಚೆನ್ನಾಗಿಬಿಟ್ಟಿತು. ಆ ಸಲ ತಿರುಗಿಸಿದ್ದು ನಾನಂತೆ. ನನಗೆ ನೆನಪಿಲ್ಲ, ಆದರೆ ಮೇಡಂ ಕಣ್ಣಾರೆ ನೋಡಿದ್ದಾರಂತೆ.

"ನಿಮ್ಮಿಬ್ಬರ ಕೈಯಾಗೆ ಏನು ರೋಗ ಐತ್ರೀ?" ಎಂದು ಬೈದು, ಅವರು ಬಾನೆಟ್ಟಿಗೆ ಸರಪಳಿ ಸುತ್ತಿ ಬೀಗ ಜಡಿದರು. ಕೀಲಿ ತಾಳಿಸರದ ಪಕ್ಕ ನೇತಾಡಿತು.

ಅಲ್ಲಿಂದ ಕಲಿಕೆ ಶುರುವಾಯಿತು. ನೋಡಲು ನಾವು ಆಗಾಗ ಹೋಗುತ್ತಿದ್ದೆವು. ಆಫ್, ಸ್ಟಾರ್ಟ್, ಆಫ್. "ಏಯ್ ನಿನ್ನ!" ಎಂದು ಹಾಲಮ್ಮ ಸ್ಟೇರಿಂಗಿಗೆ ಗುದ್ದುತ್ತಿದ್ದರು. ಇಳಿದು ಹೋಗಲಿಲ್ಲ. ಇದು ಅವರು ನಂಬಿದ ಕಾರು, ಮುನಿಸಿಕೊಂಡಿದೆ ಅಷ್ಟೇ. ನಿಧಾನಕ್ಕೆ ಎಡಗಾಲು ಏಳುತ್ತಾ ಬಲಗಾಲು ಇಳಿಯತೊಡಗಿತು. ಒಂದು ದಿನ ಮೈದಾನದ ಮಣ್ಣಿನ ದಿಬ್ಬದ ಮಧ್ಯೆ ನಿಲ್ಲಿಸಿ, ಕೆಮ್ಮುವ ಎಂಜಿನ್ನನ್ನು ಕಾಲಲ್ಲೇ ಸಮಾಧಾನಪಡಿಸಿ, ಹಿಂದಕ್ಕೆ ಒಂದಿಷ್ಟೂ ಜಾರದೆ ಮೇಲೆ ಹತ್ತಿಸಿದರು. ದಿಬ್ಬ ಎಷ್ಟು ಎತ್ತರವಿತ್ತು ಎಂದು ನಾನು ಹೇಳಲಾರೆ. ಕಾರಣ ಮೇಲೆ ಹೇಳಿದ್ದೇನೆ.

"ಈ ಸಂತೆಗೆ ಹೋಗ್ತೀನ್ರೀ" ಎಂದರು ಕೆಳಗಿಳಿದು. "ಪಕ್ಕದ ಬದನೆಕಾಯಿಯವ ಆಗಲೇ ಅರ್ಧ ಜಾಗಕ್ಕೆ ಚೀಲ ಹಾಸಿದಾನಂತೆ. ಈ ಸಲಾನೂ ತಪ್ಪಿದ್ರೆ ಪೂರ್ತಿ ಹಾಸ್ತಾನೆ."

ಆ ಸಂತೆಯ ದಿನ ಬೆಳಿಗ್ಗೆ ನಾಗರತ್ನ ಮೇಡಂ ತಮ್ಮ ಇನ್ನೊಂದು ಕಾರಿನಲ್ಲಿ ನಮ್ಮನ್ನೂ ಕೂರಿಸಿಕೊಂಡು ನ್ಯಾಮತಿಗೆ ಬಂದರು. ಭಟ್ಟಿಯ ಮುಂದೆ ವ್ಯಾನು ನಿಂತಿತ್ತು. ಒಳಗೂ ಮೇಲೂ ಮಂಡಕ್ಕಿ ಚೀಲ. ಮಂಡಕ್ಕಿ ಹಗುರ, ಆದರೆ ಚೀಲ ಭಾರೀ, ವ್ಯಾನಿನ ತಲೆಯ ಮೇಲೆ ಇನ್ನೊಂದು ವ್ಯಾನು ಕೂತ ಹಾಗೆ. ಹಾಲಮ್ಮ ಸೀಟಿಗೆ ಕೈಮುಗಿದು ಹತ್ತಿದರು. ಕೀಲಿ ತಿರುಗಿಸಿದರು. ಎಂಜಿನ್ ಕೆಮ್ಮಲಿಲ್ಲ. ಹುಲಿಯ ಹಾಗೆ ಗುರ್ರೆಂದಿತು. ನಾನೂ ಖಲೀಲನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಹಾಲಮ್ಮ ಕೆಮ್ಮುವ ಕಾರಿನಲ್ಲಿ ಕಲಿತಂತೆಯೇ ಆಕ್ಸಿಲರೇಟರನ್ನು ಧಾರಾಳವಾಗಿ ಒತ್ತಿ ಕ್ಲಚ್ ಬಿಟ್ಟರು.

ವ್ಯಾನು ನೆಗೆಯಿತು. ಮೇಲಿನ ಹಗ್ಗ ಹರಿಯಿತು, ಚೀಲಗಳು ಹಿಂದಕ್ಕೆ ಉರುಳಿ ಒಡೆದವು, ನ್ಯಾಮತಿಯ ಆ ಬೀದಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬೆಳ್ಳಗಾಯಿತು. ಎಮ್ಮೆಯ ಬೆನ್ನ ಮೇಲೆ ಮಂಡಕ್ಕಿ, ಮೇಡಂ ಅವರ ಮಲ್ಲಿಗೆಯ ಪಕ್ಕ ಮಂಡಕ್ಕಿ, ಖಲೀಲನ ಗಡ್ಡದಲ್ಲಿ ಮಂಡಕ್ಕಿ. ಎಮ್ಮೆ ತಡಮಾಡದೆ ತಿನ್ನತೊಡಗಿತು. ನಾನು ಕಣ್ಣು ಮುಚ್ಚಿಕೊಂಡೆ, ಹಾಲಮ್ಮ ಇಳಿದು ನಡೆದುಹೋಗುವುದನ್ನು ನೋಡುವ ಧೈರ್ಯವಿರಲಿಲ್ಲ.

ಆಕೆ ಸ್ಟೇರಿಂಗ್ ಬಿಟ್ಟಿರಲಿಲ್ಲ. ಬ್ರೇಕು, ಕ್ಲಚ್ಚು ಎರಡನ್ನೂ ಒತ್ತಿ, ವ್ಯಾನನ್ನು ನೇರವಾಗಿ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿದರು.

"ಯಾರ್ರೀ ನನ್ನ ಗಾಡಿ ಮುಟ್ಟಿದ್ದು?"

ನಾನು ಖಲೀಲನ ಕಡೆ ಬೆರಳು ಮಾಡಿದೆ. ಅವನು ನನ್ನ ಕಡೆ ಮಾಡಿದ.

"ಎಂಜಿನಿಯರ್ರದೇ ಕೈವಾಡ ಅಮ್ಮಾ, ಓದಿದೋರು!" ಎಂದ.

"ಯಾರದಾದ್ರೂ ಆಗ್ಲಿ. ನಂಗೆ ಈ ಹೊಸ ಹುಲಿ ಬ್ಯಾಡ. ನನ್ನ ಹಳೇ ದೆವ್ವಾನೇ ವಾಪಸ್ ಕೊಡ್ರಿ. ಅದನ್ನ ಹೆಂಗೆ ಪಳಗಿಸಬೇಕು ಅಂತ ಕಲ್ತೀನಿ ನಾನು. ಬೇಗ, ಸಂತೆಗೆ ಹೊತ್ತಾಯ್ತು!"

ಬೀದಿಯವರೆಲ್ಲ ಉಳಿದ ಚೀಲಗಳನ್ನು ಮತ್ತೆ ಕಟ್ಟುತ್ತಿದ್ದಾಗ ನಾವಿಬ್ಬರೂ, ಮೇಡಂ ಸೊಂಟದ ಮೇಲೆ ಕೈಯಿಟ್ಟು ಕಾವಲು ನಿಂತಿರಲು, ಚೆನ್ನಾಗಿದ್ದ ಎಂಜಿನ್ನನ್ನು ಕೆಡಿಸಿದೆವು. ಖಲೀಲ್ ಮುಖ ಆಚೆ ತಿರುಗಿಸಿಕೊಂಡು ಸ್ಕ್ರೂ ಇಳಿಸಿದ. ವ್ಯಾನು ಕೆಮ್ಮಿತು. ಹಾಲಮ್ಮ ನಕ್ಕರು, "ಬಂತು ನೋಡ್ರೀ ನಮ್ಮವಳು!"

ಜಗಳೂರಿನವರೆಗೂ ನಾವು ಹಿಂದೆಯೇ ಹೋದೆವು. ಸಂತೆಯ ತಿರುವಿನಲ್ಲಿ ಮತ್ತೆ ಹಿಂದೆ ಬಸ್ಸು, ಮುಂದೆ ಕುರಿ. ಅದೇ ಬಸ್ಸು, ಅದೇ ಕುರಿ ಎಂದು ನನ್ನ ನೆನಪು ಹೇಳುತ್ತದೆ; ಅದು ಸಾಧ್ಯವಿಲ್ಲ. ವ್ಯಾನು ನಿಂತಿತು. ಹಾರನ್ನು ಶುರುವಾಯಿತು. ಮೇಡಂ ತಮ್ಮ ಕಾರಿನಲ್ಲಿ ಕೂತೇ, ಆ ವ್ಯಾನಿನಲ್ಲಿ ಇಲ್ಲದ ಕಲಿಸುವವರ ಕ್ಲಚ್ಚನ್ನು ಒತ್ತಿದರು. ವ್ಯಾನಿನ ಎಂಜಿನ್ ಕೆಮ್ಮಿತು, ಕುಸಿಯಿತು, ಇನ್ನೇನು ಸತ್ತಿತು ಎನ್ನುವಾಗ ಮೆಲ್ಲಗೆ ಉಸಿರೆಳೆದುಕೊಂಡಿತು. ಅದು ಎಂಜಿನ್ನಿನ ಉಸಿರಲ್ಲ, ಹಾಲಮ್ಮನ ಬಲಗಾಲು. ವ್ಯಾನು ಕುರಿಗಳ ಹಿಂದೆ ಕುರಿಯಷ್ಟೇ ಸಾವಕಾಶವಾಗಿ ಹೊರಟು, ಬದನೆಕಾಯಿ ಹಾಸಿದ್ದ ಜಾಗದ ಮುಂದೆ ನಿಂತಿತು. ಹಾಲಮ್ಮ ಒಮ್ಮೆ ಹಾರನ್ನು ಹೊಡೆದರು. ಬದನೆಕಾಯಿಯವನು ಎದ್ದು ಚೀಲ ಎಳೆದುಕೊಂಡ. ನಾವು ಕಾರಿನೊಳಗೇ ಸೀಟಿಯೂದಿ ಕುಣಿದೆವು. ಮೇಡಂ ಕುಣಿಯಲಿಲ್ಲ ಎನ್ನುತ್ತಾರೆ. ಕುಣಿದರು.

ಹೊಸಬರಿಗೆ ನಾನು ಹೇಳುವುದು ಇಷ್ಟೇ. ಗಿರಾಕಿ ಕೇಳಿದ್ದನ್ನು ಕೊಡುವುದು ಕಷ್ಟ, ನಮಗೆ ಇಷ್ಟವಾದದ್ದನ್ನು ಕೊಟ್ಟುಬಿಡುವುದು ಸುಲಭ. ಎರಡರ ನಡುವೆ ಇರುವುದು ಬೆರಳಿನ ಒಂದು ಸಣ್ಣ ತಿರುವು.

ಆದರೆ ಆ ವ್ಯಾನನ್ನು ಮುಟ್ಟಿದ್ದು ಯಾರು? ಖಲೀಲ್ ಎಂದು ನಾನು ಇಷ್ಟು ವರ್ಷ ನಂಬಿದ್ದೆ. ನಾನೆಂದು ಅವನು. ಇದನ್ನು ಬರೆಯುವ ಮೊದಲು ಹಾಲಮ್ಮನಿಗೇ ಫೋನು ಮಾಡಿದೆ. ಹಿನ್ನೆಲೆಯಲ್ಲಿ ಸಂತೆಯ ಗದ್ದಲ ಕೇಳುತ್ತಿತ್ತು.

"ಇಬ್ರೂ ರೀ" ಎಂದರು. "ಹಿಂದಿನ ದಿನ ನಾನು ಒಳಗೆ ಭಟ್ಟಿ ಮುಂದೆ ಇದ್ದೆ. ಬೆಳಿಗ್ಗೆ ನೀವು ಬಂದ್ರಿ, ಸುಮ್ನೆ ನೋಡಾಕೆ ಅಂದ್ರಿ, ಖಲೀಲಣ್ಣಗೆ ಹೇಳಬ್ಯಾಡ ಅಂದ್ರಿ. ಸಂಜೆ ಅವರು ಬಂದ್ರು, ಸುಮ್ನೆ ನೋಡಾಕೆ ಅಂದ್ರು, ನಿಮಗೆ ಹೇಳಬ್ಯಾಡ ಅಂದ್ರು. ಇಬ್ರೂ ಒಂದೊಂದು ಸುತ್ತು ಏರಿಸಿದ್ರೆ ಗಾಡಿ ಹಾರದೇ ಇರುತ್ತಾ? ಯಾರು ಒಪ್ಕೋತೀರಿ ನೋಡಾನ ಅಂತ್ಲೇ ಅವತ್ತು ಕೇಳಿದ್ದೆ."

ನನಗೆ ನಗು ತಡೆಯಲಾಗಲಿಲ್ಲ. ಆಕೆಯೂ ನಗುತ್ತಿದ್ದರು.

"ಇನ್ನೊಂದು ಹೇಳ್ಲಾ? ಅವತ್ತು ಬೀದೀಲಿ ನಿಂತು ಕೆಡಿಸಿಕೊಟ್ರಲ್ಲ, ಅದೂ ಪೂರ್ತಿ ಕೆಡಿಸಿರಲಿಲ್ಲ ನೀವು. ಹೊರಡೋ ಮುಂಚೆ ನಿಮ್ಮ ಕಣ್ತಪ್ಪಿಸಿ ನಾನೇ ಚೂರು ಇಳಿಸ್ಕೊಂಡೆ."

"ಯಾವ ಸ್ಕ್ರೂ ಹಾಲಮ್ಮಾರೆ?"

"ಅದೇ, ನೀವಿಬ್ರೂ ಕದ್ದು ಕದ್ದು ತಿರುಗಿಸ್ತಿದ್ರಲ್ಲ, ಅದು" ಎಂದವರು, ಗಿರಾಕಿ ಬಂದರೆಂದು ಫೋನಿಟ್ಟರು.